ನಿಶ್ಚಯ ಆದಮೇಲೆ, ಅಕ್ಕಿಕಾಳು ಬೀಳುವ ಮೊದಲು

ಕಲಬುರಗಿ, ಬೀದರ್, ಯಾದಗಿರಿ ಕಡೆ ತುಳಸಿ ಲಗ್ನ ಆದಮೇಲೆ ನಿಶ್ಚಯ ಮಾಡಿಕೊಂಡವರ ಮದುವೆ ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಿಗೆ ಬೀಳುತ್ತದೆ. ನಡುವೆ ಐದಾರು ತಿಂಗಳು ಸಿಗುತ್ತವೆ. ಹಿರಿಯರು ಅದನ್ನು ಹಾಲ್, ಬಸ್ತಾ (ಮದುವೆ ಬಟ್ಟೆಯ ಖರೀದಿ), ಬಂಗಾರ, ಕಾರ್ಡು ಅಂತ ಓಡಾಡಿ ಕಳೆಯುತ್ತಾರೆ. ಹುಡುಗ ಹುಡುಗಿ ಫೋನಿನಲ್ಲಿ ಕಳೆಯುತ್ತಾರೆ. ಎಲ್ಲಿ ಇರೋದು, ಯಾರ ನೌಕರಿ ಏನಾಗುತ್ತದೆ, ಎರಡೂ ಮನೆಗೆ ಎಷ್ಟೆಷ್ಟು ಕಳಿಸೋದು ಅನ್ನುವ ಮಾತು ಮಾತ್ರ "ಆಮ್ಯಾಲ ನೋಡಿದ್ರಾಯ್ತು" ಅಂತ ಉಳಿದುಬಿಡುತ್ತದೆ. ಆಮೇಲೆ ಅಂದರೆ ಜೂನ್. ಹೊಸ ಊರು, ಹೊಸ ಮನೆ, ಹೊಸ ನೌಕರಿ, ಸಾಲದ ಮೊದಲ ಕಂತು, ಎಲ್ಲ ಒಂದೇ ತಿಂಗಳಲ್ಲಿ ತಲೆಮೇಲೆ ಬೀಳುತ್ತವೆ. ಇಬ್ಬರೂ ಒಳ್ಳೆಯವರೇ ಇದ್ದರೂ ಜಗಳ ಹುಟ್ಟಲಿಕ್ಕೆ ಅಷ್ಟು ಸಾಕು.

ಹಾಗಾಗಿ ಎಲ್ಲಕ್ಕಿಂತ ಮೊದಲು ಬದಲಾವಣೆಗಳನ್ನು ಬೇರೆಬೇರೆ ತಿಂಗಳಿಗೆ ಹಂಚಿಕೊಳ್ಳಿ. ಮದುವೆಯ ಹಿಂದಿನ ಮೂರು ತಿಂಗಳು, ಮುಂದಿನ ಮೂರು ತಿಂಗಳು ಯಾರೂ ನೌಕರಿ ಬದಲಿಸದಿದ್ದರೆ ಒಳ್ಳೆಯದು. ಖಾಸಗಿ ಕಂಪನಿಗಳಲ್ಲಿ ನೋಟಿಸ್ ಅವಧಿ 60ರಿಂದ 90 ದಿನ ಇರುವುದುಂಟು, ಹೊಸ ಕಡೆ ಪ್ರೊಬೇಷನ್‌ನಲ್ಲಿ ರಜೆಯೂ ಸರಿಯಾಗಿ ಸಿಗುವುದಿಲ್ಲ. ಮಾರ್ಚಿನಲ್ಲಿ ಹೊಸ ಕೆಲಸಕ್ಕೆ ಸೇರಿದವರು ಮೇ ತಿಂಗಳ ಮದುವೆಗೆ ನಾಲ್ಕು ದಿನದ ರಜೆಗೂ ಕೈಮುಗಿಯಬೇಕಾಗುತ್ತದೆ. ಬದಲಿಸಲೇಬೇಕೆಂದರೆ ನಿಶ್ಚಯವಾದ ವಾರವೇ ಹುಡುಕಲು ಶುರುಮಾಡಿ, ಇಲ್ಲವೇ ಪಂಚಮಿ ದಾಟಲಿ.

ಹಾಳೆಯ ಮೇಲೆ ಬರೆಯಿರಿ

ರಾತ್ರಿ ಎರಡು ತಾಸು ಫೋನಿನಲ್ಲಿ ಮಾತಾಡಿದರೂ ಈ ವಿಷಯಗಳು ಬಗೆಹರಿಯುವುದಿಲ್ಲ. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಹೂಂಗುಡುತ್ತಾರೆ, ಬೆಳಗಾದರೆ ಇಬ್ಬರ ನೆನಪಿನಲ್ಲೂ ಬೇರೆಬೇರೆ ಮಾತು ಉಳಿದಿರುತ್ತದೆ. ವಾರಕ್ಕೊಂದು ದಿನ ಅರ್ಧ ತಾಸು ಗೊತ್ತು ಮಾಡಿಕೊಳ್ಳಿ. ಆ ದಿನ ಒಂದೇ ಪ್ರಶ್ನೆ. ಇಬ್ಬರೂ ಮೊದಲು ಬೇರೆಬೇರೆ ಹಾಳೆಯಲ್ಲಿ ಉತ್ತರ ಬರೆದು, ಫೋಟೋ ತೆಗೆದು ಕಳಿಸಿಕೊಂಡು, ಆಮೇಲೆ ಮಾತಾಡಿ. ಮೊದಲು ಬಾಯಿ ಬಿಟ್ಟವರ ಮಾತೇ ಗೆಲ್ಲುವುದು ಹೀಗೆ ತಪ್ಪುತ್ತದೆ.

ಉತ್ತರದಲ್ಲಿ ಅಂಕಿ ಇರಬೇಕು. "ಅಪ್ಪ ಅವ್ವನ್ನ ನೋಡ್ಕೋಬೇಕು" ಎಂದರೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಅದರಿಂದ ತಿಳಿಯುವುದೂ ಏನಿಲ್ಲ. ತಿಂಗಳಿಗೆ ಎಷ್ಟು ಸಾವಿರ, ಎಷ್ಟು ವರ್ಷ, ತಂಗಿಯ ಮದುವೆ ಬಂದರೆ ಯಾರ ಪಾಲು ಎಷ್ಟು ಎಂದು ಬರೆಯಿರಿ. ಹುಡುಗಿಯ ಸಂಬಳದಿಂದ ಅವಳ ತವರಿಗೆ ಎಷ್ಟು ಹೋಗುತ್ತದೆ ಎನ್ನುವುದನ್ನೂ ಇದೇ ಹಾಳೆಯಲ್ಲಿ, ಇಷ್ಟೇ ಬಿಚ್ಚುಮನಸ್ಸಿನಿಂದ ಬರೆಯಿರಿ. ಎಷ್ಟೋ ಜೋಡಿ ಈ ಒಂದನ್ನು ಮುಚ್ಚಿಟ್ಟೇ ಮೊದಲ ವರ್ಷ ಕಣ್ಣೀರು ಹಾಕುತ್ತವೆ.

ಸಾಲದ ಲೆಕ್ಕ ಇನ್ನೂ ಮುಖ್ಯ. ಗಾಡಿಯ ಕಂತು, ಓದಿನ ಸಾಲ, ಒತ್ತೆ ಇಟ್ಟ ಬಂಗಾರ, ಚೀಟಿ, ಗೆಳೆಯರ ಕೈಗಡ ಎಲ್ಲ ಬರೆದುಕೊಳ್ಳಿ. ಕಾಕಾನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದನ್ನೂ ಬರೆಯಿರಿ: ಅವರು ಕಂತು ಕಟ್ಟದಿದ್ದರೆ ನಿಮ್ಮ ಮನೆಸಾಲ ನಿಲ್ಲಬಹುದು. ಯಾರ ಸಾಲ ಎಷ್ಟು, ಹೇಗೆ ಕಟ್ಟಿದ್ದಾರೆ ಎಂಬ ದಾಖಲೆ ಇಡುವ ಸಿಬಿಲ್ ಮುಂತಾದ ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಬಿಟ್ಟಿಯಾಗಿ ಸಿಗುತ್ತದೆ. ಇಬ್ಬರೂ ತೆಗೆಸಿ ಒಬ್ಬರಿಗೊಬ್ಬರು ತೋರಿಸಿಕೊಳ್ಳಿ.

ಮದುವೆಗಾಗಿ ಅಪ್ಪ ಮಾಡುತ್ತಿರುವ ಸಾಲವನ್ನೂ ಕೇಳಿ ತಿಳಿದುಕೊಳ್ಳಿ. ಒಕ್ಕಲುತನದ ಮನೆಯಲ್ಲಿ ತೊಗರಿ ರಾಶಿಯಾಗಿ ಕೈಗೆ ದುಡ್ಡು ಬರುವುದು ಜನವರಿ, ಫೆಬ್ರುವರಿಗೆ. ಹಾಲ್ ಮುಂಗಡ, ಬಂಗಾರದ ಮುಂಗಡ ಡಿಸೆಂಬರಿನಲ್ಲೇ ಕೊಡಬೇಕೆಂದಾಗ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲ ಮನೆಗೆ ಬರುತ್ತದೆ. ಮೂರು ಲಕ್ಷಕ್ಕೆ ತಿಂಗಳಿಗೆ 9,000, ವರ್ಷಕ್ಕೆ 1,08,000 ಬರೀ ಬಡ್ಡಿ. ಗಂಟು ಹಾಗೇ ನಿಂತಿರುತ್ತದೆ. ಆ ವರ್ಷ ತೊಗರಿಗೆ ನೆಟೆ ರೋಗ ಬಿದ್ದರೆ ತೀರಿಸುವ ದಾರಿಯೂ ಇಲ್ಲ. ರಾಶಿ ಮುಗಿದಮೇಲೆ ಖರೀದಿ ಮಾಡೋಣ ಎಂದು ಹಿರಿಯರನ್ನು ಒಪ್ಪಿಸುವುದು ಅಥವಾ ಹಾಲ್ ಬಿಟ್ಟು ಊರ ಗುಡಿಯ ಮುಂದೆ ಪೆಂಡಾಲ್ ಹಾಕಿಸುವುದು ನಾಚಿಕೆಯ ಕೆಲಸವಲ್ಲ. ಒಂದೇ ಕಾರ್ಯಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಹಾಲ್, ಅಡುಗೆ, ಬಂಗಾರದ ದೊಡ್ಡ ಮೊತ್ತ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಬಂಗಾರದ ಮೇಲೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಾಳೆ ಮಾಡಿ. ಹರಳಿನ ತೂಕ ಬಂಗಾರದ ತೂಕದಲ್ಲಿ ಸೇರಿಕೊಂಡಿರಬಾರದು.

ಯಾದಿಯ ದಿನಕ್ಕಿಂತ ಮೊದಲು

ಬೀಗರು ಕೂತು ಯಾದಿ (ಮದುವೆಯ ಮಾತುಕತೆಯ ಪಟ್ಟಿ) ಬರೆಯುವ ದಿನ ನಿಮ್ಮ ಬದುಕಿನ ಅರ್ಧ ತೀರ್ಮಾನ ನಿಮ್ಮನ್ನು ಕೇಳದೇ ಆಗಿಬಿಡಬಹುದು. "ಹುಡುಗಿ ನೌಕರಿ ಬಿಡ್ತಾಳ್ರಿ", "ಎರಡ್ ವರ್ಷ ಹುಡುಗ ಊರಾಗೇ ಇರ್ತಾನ್ರಿ" ಎಂದು ಯಾರೋ ಮಾತು ಕೊಟ್ಟುಬಿಡುತ್ತಾರೆ. ಹತ್ತು ಜನ ಹಿರಿಯರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಬಲು ಕಷ್ಟ. ಅದಕ್ಕೆ ಯಾದಿಗೆ ಒಂದು ವಾರ ಮೊದಲೇ ಹುಡುಗ ತನ್ನ ಮನೆಯಲ್ಲಿ, ಹುಡುಗಿ ತನ್ನ ಮನೆಯಲ್ಲಿ ಹೇಳಿಬಿಡಬೇಕು. ಯಾರ ಮನೆಯವರಿಗೆ ಅವರೇ ಹೇಳಬೇಕು, ಇದನ್ನು ಮೀರಬೇಡಿ. ಸೊಸೆಯಾಗಿ ಬರುವವಳ ಬಾಯಿಂದ ಬಂದರೆ "ಈಗಿಂದಾನೇ ಶುರು ಮಾಡ್ಯಾಳ" ಅನ್ನಿಸಿಕೊಳ್ಳುವ ಮಾತು, ಮಗನ ಬಾಯಿಂದ ಬಂದರೆ ಬರೀ ಮಗನ ಮಾತಾಗಿ ಉಳಿಯುತ್ತದೆ.

ಹೇಳುವಾಗ ಚಿಕ್ಕದಾಗಿ, ಇಬ್ಬರದೂ ಒಂದೇ ಮಾತು ಎಂದು ಗೊತ್ತಾಗುವಂತೆ ಹೇಳಿ: "ಅಪ್ಪಾ, ನಾವಿಬ್ಬರೂ ಮಾತಾಡೀವಿ. ಆಕೀ ನೌಕರಿ ಬಿಡೂದಿಲ್ಲ. ಬೀಗರ ಮುಂದ ನೀವಾ ಹೇಳಿದ್ರ ಚೊಲೊ ಆಗ್ತದ." ಬೀಗರ ಮುಂದೆ ಹೇಳುವ ಮರ್ಯಾದೆಯನ್ನು ಹಿರಿಯರಿಗೇ ಬಿಟ್ಟುಕೊಟ್ಟರೆ ಅವರೂ ಮಾತು ಉಳಿಸುತ್ತಾರೆ. ಅಪ್ಪ ಕೇಳದಿದ್ದರೆ ಸೋದರಮಾವನನ್ನು ಹಿಡಿಯಿರಿ. ನಮ್ಮ ಕಡೆ ಮದುವೆಯ ಮಾತಿನಲ್ಲಿ ಅವರ ತೂಕ ಬೇರೆ.

ಹುಂಡಾ ಬೇಡ ಎನ್ನುವುದನ್ನು ಹುಡುಗನೇ ಹೇಳಬೇಕು, ಯಾದಿಗೆ ಮೊದಲೇ ಹೇಳಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಟ್ಟವರಿಗೂ ತೆಗೆದುಕೊಂಡವರಿಗೂ ಕನಿಷ್ಠ ಐದು ವರ್ಷ ಸೆರೆ ಇದೆ. ಪ್ರೀತಿಯಿಂದ ಬಂದ ಉಡುಗೊರೆಗಳ ಪಟ್ಟಿ ಬರೆದು, ಏನು, ಬೆಲೆ ಎಷ್ಟು, ಕೊಟ್ಟವರು ಯಾರು ಎಂದು ಗುರುತು ಮಾಡಿ ಸಹಿ ಹಾಕಿಟ್ಟುಕೊಳ್ಳಬೇಕು ಎಂದೂ ಅದರ ನಿಯಮ ಹೇಳುತ್ತದೆ.

ಊರು ಬಿಡುವುದೋ, ಇರುವುದೋ

ಒಬ್ಬರು ಇಲ್ಲಿ ಸರ್ಕಾರಿ ನೌಕರಿ, ಇನ್ನೊಬ್ಬರು ಬೆಂಗಳೂರು ಅಥವಾ ಹೈದರಾಬಾದಿನ ಕಂಪನಿ. ಈ ಕಡೆಯ ಜೋಡಿಗಳಲ್ಲಿ ಎದುರಾಗುವ ದೊಡ್ಡ ಗಂಟು ಇದೇ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ (ಈ ಭಾಗದ ಹುದ್ದೆಗಳ ಗುಂಪಿನಲ್ಲಿ) ಸೇರಿದವರಿಗೆ ಹೊರಗಿನ ಜಿಲ್ಲೆಗೆ ವರ್ಗ ಸುಲಭಕ್ಕೆ ಸಿಗುವುದಲ್ಲ. "ಮದುವೆ ಆದಮೇಲೆ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರಾಯ್ತು" ಎನ್ನುವ ಭರವಸೆಯ ಮೇಲೆ ಬೆಂಗಳೂರಿನಲ್ಲಿ ಮನೆ ಹಿಡಿಯಬೇಡಿ. ನಿಮ್ಮ ಇಲಾಖೆಯಲ್ಲಿ ಪತಿ-ಪತ್ನಿ ಪ್ರಕರಣಕ್ಕೆ (ಗಂಡ ಹೆಂಡತಿ ಒಂದೇ ಕಡೆ ಇರಲು ಕೊಡುವ ವರ್ಗಕ್ಕೆ) ಅವಕಾಶ ಇದೆಯೇ, ಎಷ್ಟು ವರ್ಷದ ಸೇವೆ ಆಗಿರಬೇಕು ಎಂದು ಸಿಬ್ಬಂದಿ ವಿಭಾಗದಲ್ಲಿ ಈಗಲೇ ಕೇಳಿ. ಅಲ್ಲಿಯವರೆಗೆ ಯಾರು ಎಷ್ಟು ಸಲ ಓಡಾಡುತ್ತಾರೆ, ಆ ಖರ್ಚು ಯಾರದು, ಎಷ್ಟು ತಿಂಗಳ ಮೇಲೆ ಮತ್ತೆ ಯೋಚಿಸುತ್ತೀರಿ ಎಂದು ದಿನಾಂಕ ಹಾಕಿ ಬರೆಯಿರಿ. ದಿನಾಂಕವಿಲ್ಲದೆ ಬೇರೆಬೇರೆ ಇರುವ ಏರ್ಪಾಟು ಹಾಗೇ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಹೈದರಾಬಾದಿಗೋ ಹೋಗುವ ಹುಡುಗಿಯರು ಇನ್ನೊಂದು ಗಮನಿಸಬೇಕು. ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುವ 371ಜೆ ಅರ್ಹತಾ ಪತ್ರ, ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಇವನ್ನು ಊರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ. ದೂರದಿಂದ ಇದಕ್ಕಾಗಿ ಓಡಾಡುವುದು ರಜೆ ತಿನ್ನುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಮೀಸಲಾತಿ ಸಿಗುವುದಿಲ್ಲ, ತವರಿನ ರಾಜ್ಯದ್ದೇ ಉಳಿಯುತ್ತದೆ. ಆಧಾರ್ ವಿಳಾಸವನ್ನು ಹೊರರಾಜ್ಯಕ್ಕೆ ಬದಲಿಸಿದರೆ ಶಕ್ತಿ ಯೋಜನೆಯ ಬಿಟ್ಟಿ ಬಸ್ಸಿಗೆ ತೋರಿಸುವ ಕರ್ನಾಟಕದ ವಿಳಾಸವೂ ಹೋಗುತ್ತದೆ.

ಬೆಂಗಳೂರಿಗೆ ಸಾಮಾನು ಸಾಗಿಸುವಾಗ ಕೂಲರ್ ಒಯ್ಯಬೇಡಿ, ಅಲ್ಲಿ ಅದರ ಕೆಲಸವಿಲ್ಲ. ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ ಒಯ್ಯಿರಿ. ಜೋಳವನ್ನು ಹಿಟ್ಟು ಮಾಡಿಸಿ ಒಯ್ದರೆ ಎರಡು ಮೂರು ವಾರಕ್ಕೆ ಕಹಿಯಾಗಿ, ರೊಟ್ಟಿ ಬಡಿಯುವಾಗ ಬಿರಿಯುತ್ತದೆ. ಕಾಳು ಒಯ್ದು ಅಲ್ಲೇ ಬೀಸಿಸಿ. ಇಬ್ಬರಿಗೆ ದಿನಕ್ಕೊಂದು ಹೊತ್ತು ಮೂರು ಮೂರು ರೊಟ್ಟಿ ಎಂದರೆ ತಿಂಗಳಿಗೆ ಹತ್ತು ಹನ್ನೊಂದು ಕಿಲೋ ಸಾಕು.

ಮೊದಲ ವರ್ಷದ ರಜೆಯ ಲೆಕ್ಕ

ಮದುವೆಯ ಮೊದಲ ವರ್ಷ ಹಬ್ಬಗಳಿಗೆ ಬುಲಾವು ತಪ್ಪುವುದಿಲ್ಲ. ಪಂಚಮಿಗೆ ತವರು, ದೀಪಾವಳಿಗೆ ಅಳಿಯತನ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ. ಇದರ ಜೊತೆ ನೆಂಟರ ಮದುವೆ, ಕುಪ್ಪಸ (ಸೀಮಂತ). ಪ್ರತಿ ಸಲ ಹೋಗಿ ಬರಲು ಕನಿಷ್ಠ ಮೂರು ದಿನ ಹಿಡಿದರೂ ಕಂಪನಿಯ ರಜೆ ದಸರೆಯ ಹೊತ್ತಿಗೇ ತೀರಿರುತ್ತದೆ. ಆಮೇಲೆ "ಸೊಸಿ ಎಳ್ಳಮಾಸಿಗೂ ಬರ್ಲಿಲ್ಲ" ಎಂಬ ಮಾತು ಉಳಿಯುತ್ತದೆ.

ಮದುವೆಗೆ ಮೊದಲೇ ಕ್ಯಾಲೆಂಡರ್ ಹಿಡಿದು ಕೂಡಿ. ಇಬ್ಬರ ರಜೆ ಎಷ್ಟು, ಮದುವೆಗೆ ಎಷ್ಟು ಹೋಯಿತು, ಕಾಯಿಲೆಗೆಂದು ನಾಲ್ಕು ದಿನ ಬದಿಗಿಟ್ಟರೆ ಉಳಿಯುವುದೆಷ್ಟು ಎಂದು ನೋಡಿ. ಉಳಿದದ್ದಕ್ಕೆ ಹೊಂದುವಷ್ಟೇ ಹಬ್ಬ ಆರಿಸಿ. ಯಾವ ಹಬ್ಬ ಯಾವ ಮನೆ ಎಂದು ಎರಡೂ ಕಡೆ ಮೊದಲೇ ತಿಳಿಸಿಬಿಡಿ. ಬರುತ್ತೇವೆ ಎಂದು ಆಸೆ ಹಚ್ಚಿ ಕೊನೆಗೆ ತಪ್ಪಿಸುವುದಕ್ಕಿಂತ ಮೊದಲೇ ಹೇಳಿದ "ಈ ವರ್ಷ ಆಗೂದಿಲ್ರಿ" ಕಡಿಮೆ ನೋಯಿಸುತ್ತದೆ. ರೈಲ್ವೆ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ಮುನ್ನಾದಿನದ ಉದ್ಯಾನ್, ಹಾಸನ–ಸೊಲ್ಲಾಪುರ ಗಾಡಿಗಳಿಗೆ ಆ ದಿನವೇ ಟಿಕೆಟ್ ಮಾಡಿಸಿ. 2024ರ ಮಾರ್ಚಿನಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಇದೆ, ಆದರೆ ಅದು ಹಗಲಿನ ಗಾಡಿ. ಒಂದು ರಜೆ ಪ್ರಯಾಣಕ್ಕೇ ಹೋಗುತ್ತದೆ.

ರಕ್ತ ಪರೀಕ್ಷೆ

ಸೋದರಮಾವ, ಅತ್ತೆಯ ಮಗ ಎಂದು ಬಳಗದಲ್ಲೇ ಕೊಟ್ಟು ತರುವ ರೂಢಿ ನಮ್ಮಲ್ಲಿದೆ. ಒಂದೇ ರಕ್ತದಲ್ಲಿ ಅಡಗಿರುವ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಆಗ ಹೆಚ್ಚು. ಸಂಬಂಧ ಇರಲಿ ಇಲ್ಲದಿರಲಿ, ಇಬ್ಬರೂ ಎಚ್‌ಪಿಎಲ್‌ಸಿ ಎನ್ನುವ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥಲಸ್ಸೇಮಿಯಾ, ಸಿಕಲ್ ಸೆಲ್ ವಾಹಕರೇ ಎಂದು ಅದು ಹೇಳುತ್ತದೆ. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಆ ಕಾಯಿಲೆ ಬರುವುದಿಲ್ಲ. ಇಬ್ಬರೂ ಒಂದೇ ದೋಷದ ವಾಹಕರಾದರೆ ಪ್ರತಿ ಬಸಿರಿನಲ್ಲೂ ನೂರಕ್ಕೆ 25ರಷ್ಟು ಅಪಾಯವಿದೆ. ಹಾಗೆ ಬಂದರೆ ನಿಶ್ಚಯ ಮುರಿಯಬೇಕೆಂದಿಲ್ಲ. ಬಸಿರಿನ 10–13ನೇ ವಾರದಲ್ಲಿ ಪರೀಕ್ಷೆ ಮಾಡಬಹುದು, ತಜ್ಞ ವೈದ್ಯರನ್ನು ಮೊದಲೇ ಕಾಣಿ. ಕಬ್ಬಿಣದ ಕೊರತೆ ಇದ್ದರೆ ಈ ಪರೀಕ್ಷೆ ದೋಷವನ್ನು ತೋರಿಸದೇ ಹೋಗಬಹುದು. ಹಿಮೋಗ್ಲೋಬಿನ್ ಕಡಿಮೆ ಬಂದರೆ ಮಾತ್ರೆ ತೆಗೆದುಕೊಂಡು ಮತ್ತೆ ಮಾಡಿಸಿ. ಹುಡುಗಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ ಬರೆದಿಟ್ಟುಕೊಂಡು ಬಸಿರಾದಾಗ ವೈದ್ಯರಿಗೆ ಮೊದಲ ದಿನವೇ ಹೇಳಬೇಕು. ಮಗು ಯಾವಾಗ ಎಂಬ ಮಾತು ನಿಮ್ಮಿಬ್ಬರದು. ಬೇಡವೆಂದಿರುವಷ್ಟು ದಿನ ಯಾವ ಉಪಾಯ ಎಂದು ಮದುವೆಗೆ ಒಂದು ತಿಂಗಳು ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಿ.

ಕಾಗದ ಪತ್ರ

ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಇಬ್ಬರ ಹೆಸರನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ಮಾಡಿ. ಮನೆಯಲ್ಲಿ ಕರೆಯುವ ಹೆಸರು ಪತ್ರಿಕೆಯಲ್ಲಿದ್ದರೆ ಮದುವೆ ನೋಂದಣಿಯಲ್ಲಿ ತಕರಾರು ಬರುತ್ತದೆ. ಹಿಂದೂ ವಿವಾಹ ನೋಂದಣಿಗೆ ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕು. ಉಪನೋಂದಣಿ ಕಚೇರಿಯಲ್ಲಿ ಅಥವಾ ಸರ್ಕಾರದ ಕಾವೇರಿ 2.0 ಜಾಲತಾಣದ ಮೂಲಕ ಆಗುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮಾಡಿಕೊಳ್ಳುವವರು 30 ದಿನದ ನೋಟಿಸ್ ಲೆಕ್ಕ ಹಿಡಿದು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮುಗಿಸಬೇಕು.

ಮದುವೆಯಾದಮೇಲೆ ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನೌಕರಿ ಮಾಡುವ ಅಥವಾ ಪರೀಕ್ಷೆ ಬರೆಯುವ ಹುಡುಗಿ ಅಂಕಪಟ್ಟಿಯ ಹೆಸರನ್ನೇ ಉಳಿಸಿಕೊಳ್ಳಲಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ಪ್ರೀತಿಯಿಂದ ಇಟ್ಟ ಹೊಸ ಹೆಸರು ಮನೆಯಲ್ಲೇ ಇರಲಿ. ಮದುವೆಗೆ ಮೊದಲು ಪಿಎಫ್‌ಗೆ ಅಪ್ಪನನ್ನೋ ಅವ್ವನನ್ನೋ ನಾಮಿನಿ ಮಾಡಿದ್ದರೆ ಮದುವೆಯ ದಿನದಿಂದ ಅದು ನಡೆಯುವುದಿಲ್ಲ, ಹೊಸದಾಗಿ ತುಂಬಬೇಕು. ಪಡಿತರ ಚೀಟಿಯಲ್ಲಿ ತವರಿನಿಂದ ಹೆಸರು ತೆಗೆಸದೇ ಗಂಡನ ಮನೆಯ ಚೀಟಿಗೆ ಸೇರಿಸಲಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8.

ಮೂಲ ಅಂಕಪಟ್ಟಿಗಳು, ಪ್ರಮಾಣಪತ್ರಗಳು, ಉಡುಗೊರೆಯ ಪಟ್ಟಿ, ಬಂಗಾರದ ರಸೀದಿ, ಆ ವಾರವಾರ ಬರೆದ ಹಾಳೆಗಳು ಇವಿಷ್ಟೂ ಒಂದೇ ಫೈಲಿನಲ್ಲಿರಲಿ. ಸಾಮಾನಿನ ಟೆಂಪೋದಲ್ಲಿ ಅದನ್ನು ಹಾಕಬೇಡಿ. ಹೊಸ ಮನೆಗೆ ಹೋಗುವ ದಿನ ಅದು ಕೈಚೀಲದಲ್ಲಿ, ನಿಮ್ಮ ತೊಡೆಯ ಮೇಲಿರಲಿ.