ಬಿಸಿ ಗಂಜಿಗೆ ಸುರಿದ ಕಿಣ್ವ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಅಂಚಿನಲ್ಲಿ ಎಂಟು ತಾಯಿ ಹಂದಿ ಸಾಕಿದ್ದೇನೆ, ಎಲ್ಲ ಯಾರ್ಕ್‌ಶೈರ್ ತಳಿ. ಹೆರಿಗೆ ಮಾಡಿಸುವುದು ನನಗೆ ಅಷ್ಟು ಕಷ್ಟವಾಗಿರಲಿಲ್ಲ. ಗೋಳು ಶುರುವಾಗುತ್ತಿದ್ದದ್ದು ಹಾಲು ಬಿಡಿಸಿದ ನಾಲ್ಕನೇ ದಿನಕ್ಕೆ. ಬೆಳಿಗ್ಗೆ ಗೂಡಿಗೆ ಹೋದರೆ ಬೇಧಿಯಾಗಿ ಮರಿಗಳ ಹಿಂಭಾಗವೆಲ್ಲ ಒದ್ದೆ, ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಒಂದರ ಮೇಲೊಂದು ಮುದುಡಿ ಮಲಗಿರುತ್ತಿದ್ದವು.

ಆಗೆಲ್ಲ ಅಂಗಡಿಯಿಂದ ಕೋಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್ ಪುಡಿ ತಂದು ಹಿಂಡಿಗೆ ಕಲಸಿಬಿಡುತ್ತಿದ್ದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಬಳಕೆಗೆ ನಿಷೇಧಿಸಿತು. ನಮ್ಮ ಪಶುವೈದ್ಯರನ್ನು ಕೇಳಿದೆ. ‘ಮರಿಯ ಹೊಟ್ಟೆ ಇನ್ನೂ ಹಾಲಿನ ಹೊಟ್ಟೆ ಕಣ್ರೀ, ನೀವು ಒಂದೇ ದಿನಕ್ಕೆ ಜೋಳ, ಸೋಯಾ ತಿನ್ನು ಅಂತೀರಿ’ ಅಂದರು. ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಮರಿಗೆ ಹುಟ್ಟಿನಿಂದಲೇ ಇರುತ್ತದೆ. ಪಿಷ್ಟ ಮತ್ತು ಸೋಯಾ ಪ್ರೋಟೀನು ಅರಗಿಸುವ ಶಕ್ತಿ ಬಲಿಯಲು ವಾರಗಟ್ಟಲೆ ಬೇಕು. ಜಠರದ ಹುಳಿಯೂ ಕಡಿಮೆ. ಅರಗದೆ ಕೆಳಗಿಳಿದದ್ದು ಬೇಧಿ ತರುವ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈಗೆ ಹಬ್ಬದೂಟ.

ಅವರು ಬರೆದುಕೊಟ್ಟ ಪುಡಿಯಲ್ಲಿ ಮೂರು ಕಿಣ್ವಗಳಿದ್ದವು. ಪ್ರೋಟಿಯೇಸ್ ಸೋಯಾ ಪ್ರೋಟೀನಿಗೆ. ಝೈಲನೇಸ್ ತೌಡು, ಬೂಸಾದ ನಾರಿಗೆ. ಆ ನಾರನ್ನು ಒಡೆಯುವ ಕಿಣ್ವ ದೊಡ್ಡ ಹಂದಿಯ ದೇಹದಲ್ಲೂ ತಯಾರಾಗುವುದಿಲ್ಲ. ಫೈಟೇಸ್ ಇರುವುದು ತೌಡಿನೊಳಗೆ ಸಿಕ್ಕಿಹಾಕಿಕೊಂಡ ರಂಜಕವನ್ನು ಬಿಡಿಸಲು.

ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ನಮ್ಮಲ್ಲಿ ಹಂಡೆಯಲ್ಲಿ ನುಚ್ಚು ಬೇಯಿಸಿ, ತೌಡು ಹಾಕಿ ಗಂಜಿ ಕೊಡುವ ರೂಢಿ. ಕುದಿಯುತ್ತಿದ್ದ ಗಂಜಿಗೇ ಪುಡಿ ಹಾಕಿ ಸೌಟಾಡಿಸಿದೆ. ಎರಡು ಸೂಲಿನ ಮರಿಗಳಿಗೆ ಹಾಗೇ ಕೊಟ್ಟೆ. ಬೇಧಿ ಅಷ್ಟೇ ಇತ್ತು. ‘ಇದೆಲ್ಲ ಕಂಪನಿಯವರ ಆಟ’ ಅಂತ ಬೈದುಕೊಂಡೆ. ಕಿಣ್ವವೂ ಒಂದು ಪ್ರೋಟೀನೇ. ಕುದಿವ ಗಂಜಿಯಲ್ಲಿ ಮೊಟ್ಟೆಯ ಬಿಳಿ ಏನಾಗುತ್ತದೋ ಅದಕ್ಕೂ ಅದೇ ಗತಿ ಅನ್ನುವುದು ನನಗೆ ಹೊಳೆದಿರಲಿಲ್ಲ.

ಈಗ ಮರಿಗಳಿಗೆ ಒಣ ಹಿಟ್ಟೇ. ನೂರು ಕಿಲೋಗೆ ಐವತ್ತೈದು ಮೆಕ್ಕೆಜೋಳದ ನುಚ್ಚು, ಇಪ್ಪತ್ತೈದು ಸೋಯಾ ಹಿಂಡಿ, ಹತ್ತು ತೌಡು, ಏಳು ಮೀನು ಪುಡಿ, ಉಳಿದದ್ದು ಖನಿಜ ಮಿಶ್ರಣ, ಉಪ್ಪು. ಕಿಣ್ವ ಎಷ್ಟೆಂದು ಪೊಟ್ಟಣದ ಮೇಲೆ ನೋಡಿಯೇ ಹಾಕಬೇಕು, ಒಂದೊಂದರ ಬಲ ಒಂದೊಂದು ಥರ. ನನ್ನದು ನೂರು ಕಿಲೋಗೆ ಐವತ್ತು ಗ್ರಾಂ. ಅಷ್ಟು ಚೂರನ್ನು ರಾಶಿಗೆ ನೇರ ಎರಚಿದರೆ ಒಂದು ಮರಿಗೆ ಪೂರ್ತಿ, ಇನ್ನೊಂದಕ್ಕೆ ಸೊನ್ನೆ. ಮೊದಲು ಒಂದು ಕಿಲೋ ತೌಡಿಗೆ, ಅದನ್ನು ಹತ್ತು ಕಿಲೋಗೆ, ಆಮೇಲೆ ರಾಶಿಗೆ ಕಲಸುತ್ತೇನೆ. ಸುಣ್ಣದ ಕಲ್ಲಿನ ಪುಡಿಯನ್ನೂ ಕಮ್ಮಿ ಮಾಡಿದೆ. ಅದು ಜಠರದ ಹುಳಿಯನ್ನು ನುಂಗುತ್ತದೆ, ಫೈಟೇಸಿಗೆ ಬೇಕಾದದ್ದೇ ಆ ಹುಳಿ.

ನಂಬಿಕೆ ಬರದೆ ಒಂದು ಸೂಲಿನ ಹತ್ತು ಮರಿಗಳನ್ನು ಐದೈದಾಗಿ ಎರಡು ಗೂಡಿಗೆ ಹಾಕಿ, ಒಂದಕ್ಕೆ ಕಿಣ್ವದ ಹಿಟ್ಟು, ಇನ್ನೊಂದಕ್ಕೆ ಬರೀ ಹಿಟ್ಟು ಕೊಟ್ಟೆ. ತಿಂಗಳಿಗೆ ತೂಗಿದಾಗ ಕಿಣ್ವ ತಿಂದವು ತಲಾ ಮುಕ್ಕಾಲು ಕಿಲೋ ಹೆಚ್ಚಿದ್ದವು. ಐದೇ ಮರಿಯ ಲೆಕ್ಕ, ಅದೃಷ್ಟವೂ ಇರಬಹುದು. ಆದರೆ ಸಗಣಿಯ ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುವಂತಿತ್ತು: ಇತ್ತ ಗಟ್ಟಿ, ಅತ್ತ ಅಂಬಲಿ.

ಇಷ್ಟಾದರೂ ಬೇಧಿ ಇಳಿದದ್ದಕ್ಕೆ ಪೂರಾ ಶ್ರೇಯಸ್ಸು ಪುಡಿಗೆ ಕೊಡಲಾರೆ. ಹಾಲು ಬಿಡಿಸುವುದನ್ನು 28ರಿಂದ 40 ದಿನಕ್ಕೆ ಮುಂದೂಡಿದೆ. ಹದಿನೈದನೇ ದಿನದಿಂದಲೇ ತಾಯಿಗೆ ಸಿಗದ ಮೂಲೆಯಲ್ಲಿ ಚಿಕ್ಕ ತಟ್ಟೆಯಲ್ಲಿ ಅದೇ ಹಿಟ್ಟು ಇಡುತ್ತೇನೆ. ಬಿಡಿಸುವ ದಿನ ತಾಯಿಯನ್ನು ಬೇರೆಡೆ ಒಯ್ಯುತ್ತೇನೆ, ಮರಿಗಳು ಹುಟ್ಟಿದ ಗೂಡಲ್ಲೇ ಉಳಿಯುತ್ತವೆ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಣಹುಲ್ಲು, ಬೆಚ್ಚಗಿಡಲು ಒಂದು ಬಲ್ಬು ಇಲ್ಲದಿದ್ದರೆ ಯಾವ ಪುಡಿಯೂ ಉಳಿಸದು.

ಆ ಮಳೆಯಲ್ಲೇ ಒಮ್ಮೆ ಬಾಯಿ ಬಿಚ್ಚಿಟ್ಟ ಪೊಟ್ಟಣ ತೇವ ಎಳೆದು ಗಂಟುಗಂಟಾಗಿತ್ತು. ಈಗ ಅದು ನಮ್ಮನೆಯವಳ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಭದ್ರವಾಗಿದೆ. ಮೇಲೆ ‘ಹಂದಿದು, ಕಾಫಿಗೆ ಹಾಕಬೇಡಿ’ ಅಂತ ಚೀಟಿ ಅಂಟಿಸಿದ್ದಾಳೆ.