ಮದ್ದು ಬಿಡುವ ದಿನದ ಮೋಡ

ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡದ ಆಸುಪಾಸಿನಲ್ಲಿ ಅಡಿಕೆ ಬೆಳೆಯುವ ನಮಗೆ ಮಳೆಗಾಲದಲ್ಲಿ ಮುಖ್ಯವಾಗುವುದು ಮಳೆಯ ಬಿಡುವು. ಕೊಳೆರೋಗ ಬಾರದಂತೆ ಬಿಡುವ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಗೊನೆಯ ಮೇಲೆ ಒಣಗಿ ತೆಳುನೀಲಿ ಪೊರೆ ಕಟ್ಟಬೇಕು. ಅದಕ್ಕೆ ಮೊದಲೇ ಮಳೆ ಹೊಡೆದರೆ ಮೈಲುತುತ್ತು, ಸುಣ್ಣ, ಕೂಲಿ ಎಲ್ಲವೂ ತೋಡಿನ ಪಾಲು.

ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಸಾಧ್ಯತೆ. ಅದು ತಲಪಾಡಿಯಿಂದ ತೃಕರಿಪುರದವರೆಗಿನ ಇಡೀ ಜಿಲ್ಲೆಗೆ ಒಂದೇ. ಅಷ್ಟೂ ಮಳೆ ರಾತ್ರಿಯೇ ಸುರಿದು ಬೆಳಿಗ್ಗೆ ಬಿಸಿಲು ಬಿದ್ದರೆ ಮದ್ದು ಬಿಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಎಚ್ಚರಿಕೆಯೇ ಇಲ್ಲದ ದಿನ ಗಂಟೆಗೊಮ್ಮೆ ಹಣಕಿ ಹೋಗುವ ಮಳೆ ಕೆಲಸ ಕೆಡಿಸುತ್ತದೆ. ಇಲಾಖೆಯನ್ನು ಬೈದು ಫಲವಿಲ್ಲ, ಅವರ ಲೆಕ್ಕ ನೆರೆಯದ್ದು, ನಮ್ಮದು ಗೊನೆಯದ್ದು.

ಹಾಗಾಗಿ ಬೆಳಗಾಗುತ್ತಲೇ ತೋಟದ ಮೇಲಿನ ಮುರಕಲ್ಲಿನ ಪದವಿಗೆ, ಅಂದರೆ ಬೋಳು ಬಯಲಿಗೆ, ಹತ್ತುತ್ತೇನೆ. ಪೊಸಡಿಗುಂಪೆಯ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ತುಸು ಎತ್ತರ. ಮೋಡ ಅದನ್ನು ನುಂಗಿದ್ದರೆ ಮೋಡದ ತಳ ಅಷ್ಟು ಕೆಳಗಿದೆ, ಕಡಲಿನಿಂದ ಬರುವ ಗಾಳಿ ಅಷ್ಟು ಹಸಿಯಾಗಿದೆ ಎಂದರ್ಥ. ಅಂಥ ಗಾಳಿ ಗುಡ್ಡಕ್ಕೆ ತಾಗಿ ಸ್ವಲ್ಪ ಮೇಲೇರಿದರೂ ಸಾಕು, ತಣಿದು ಮಳೆಯಾಗುತ್ತದೆ. ನೆತ್ತಿ ಬಿಚ್ಚಿಕೊಂಡು, ಮೋಡದ ತಳಕ್ಕೂ ಅದಕ್ಕೂ ನಡುವೆ ಬೆಳಕಿನ ಪಟ್ಟಿ ಕಂಡು, ಆಮೇಲೆ ಅರ್ಧ ಗಂಟೆಯಲ್ಲಿ ಆ ಪಟ್ಟಿ ಅಗಲವಾಗುತ್ತಾ ಹೋದರೆ ಮಾತ್ರ ಸುಣ್ಣ ನೆನೆಹಾಕಲು ಹೇಳುತ್ತೇನೆ. ಒಮ್ಮೆ ಕಂಡು ಮುಚ್ಚಿಕೊಳ್ಳುವ ಬೆಳಕನ್ನು ನಂಬುವುದಿಲ್ಲ.

ಹೊಸಬರು ಮೋಡಗಳ ಸಂದಿಯಲ್ಲಿ ಕಾಣುವ ಬಿಳಿ ಎಳೆಮೋಡಗಳನ್ನು ನೋಡಿ ಗೊಂದಲಕ್ಕೆ ಬೀಳುತ್ತಾರೆ. ಜುಲೈಯಲ್ಲಿ ಅವು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತವೆ, ಏಕೆಂದರೆ ಬಲು ಎತ್ತರದಲ್ಲಿ ಗಾಳಿ ಬೀಸುವುದೇ ಆ ಕಡೆಗೆ. ಮಳೆ ತರುವುದು ಕೆಳಗಿನ ಬೂದು ಮೋಡ. ಅದು ಬರುವುದು ಕಡಲ ಕಡೆಯಿಂದ.

ನಿಜವಾದ ತೊಡಕು ಆಕಾಶದ್ದಲ್ಲ. ಮೋಡ ಹೇಳುವುದು ಹೆಚ್ಚೆಂದರೆ ಮುಂದಿನ ಎರಡು ಮೂರು ಗಂಟೆಯ ಮಾತು. ಮದ್ದು ಬಿಡುವವರಿಗೆ ಹೇಳಬೇಕಾದದ್ದು ಹಿಂದಿನ ದಿನ ಸಂಜೆ. ಆ ಸಂಜೆಯ ತೀರ್ಮಾನಕ್ಕೆ ಮೊಬೈಲಿನ ಮುನ್ಸೂಚನೆಯನ್ನೇ ನೆಚ್ಚುತ್ತೇನೆ, ಗಾಳಿಯ ಬಲ ತಗ್ಗುತ್ತದೆಯೇ ಎಂದಷ್ಟೇ ನೋಡುತ್ತೇನೆ. ಬೆಳಿಗ್ಗೆ ಗುಡ್ಡ ಬೇಡವೆಂದರೆ ಬಂದವರಿಗೆ ಚಾ ಕೊಟ್ಟು ಬೇರೆ ಕೆಲಸ ಹಚ್ಚುತ್ತೇನೆ. ಬೆರೆಸಿದ ದ್ರಾವಣವನ್ನು ಅಂದೇ ಮುಗಿಸಬೇಕು, ಆದ್ದರಿಂದ ನೆತ್ತಿ ಬಿಚ್ಚುವ ತನಕ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸೇರಿಸಲು ಬಿಡುವುದಿಲ್ಲ. ಸೇರಿಸಿದ ಮೇಲೆ ಹೊಳೆಯುವ ಕತ್ತಿಯ ತುದಿಯನ್ನು ಅದ್ದಿ ತೆಗೆಯುತ್ತೇನೆ. ತುದಿ ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು. ಇನ್ನಷ್ಟು ಹಾಕಿ ಮತ್ತೆ ಅದ್ದಬೇಕು. ಈ ಕೆಲಸ ನಡೆಯುವಾಗಲೂ ಒಂದು ಕಣ್ಣು ಗುಡ್ಡದ ಮೇಲೆ.

ತುಲಾವರ್ಷದ, ಅಂದರೆ ಹಿಂಗಾರು ಮಳೆಯ, ಮೋಡದ ಸ್ವಭಾವವೇ ಬೇರೆ. ಅಕ್ಟೋಬರ್‌, ನವೆಂಬರ್‌ನಲ್ಲಿ ಬೆಳಗಿನ ಬಿಸಿಲು ನೋಡಿ ಅಂಗಳದಲ್ಲಿ ಅಡಿಕೆ ಹರವಿರುತ್ತೇವೆ. ಮಧ್ಯಾಹ್ನ ಕೊಡಗಿನ ಬೆಟ್ಟಗಳ ಮೇಲೆ ಮೋಡ ಗೋಪುರದಂತೆ ಏಳುತ್ತದೆ. ಅದರ ತಲೆ ಚಪ್ಪಟೆಯಾಗಿ ನಮ್ಮ ಕಡೆಗೆ ಹರಡಿ, ಸೂರ್ಯನಿಗೆ ತೆಳು ಪರದೆ ಎಳೆದರೆ ಗುಡುಗಿಗಾಗಿ ಕಾಯದೆ ಟಾರ್ಪಾಲು ತರುವುದು ಲೇಸು. ಸುಳ್ಯದ ಕಡೆಯ ನೆಂಟರಿಗೆ ಫೋನ್ ಮಾಡಿ ಕೇಳುವುದೂ ಉಂಟು. ಅಲ್ಲಿ ಮಳೆ ಶುರುವಾಗಿದ್ದರೆ ನಮಗೆ ಅಡಿಕೆ ರಾಶಿ ಮಾಡುವಷ್ಟು ಹೊತ್ತು ಸಿಗುತ್ತದೆ. ಕೆಲವೊಮ್ಮೆ ಆ ಮಳೆ ದಾರಿಯಲ್ಲೇ ಕರಗಿ, ಇಲ್ಲಿಗೆ ಬರುವುದು ತಂಪು ಗಾಳಿ ಮಾತ್ರ. ಆಗ ಮನೆಯವರ ಗೊಣಗಾಟ ಕೇಳಿಕೊಂಡೇ ಟಾರ್ಪಾಲು ಮತ್ತೆ ಬಿಚ್ಚುತ್ತೇನೆ.