ಕೊನೆಯ ಡೈಲಾಗ್ ಕಿತ್ತ ಮೇಲೆ ಜನ ಮಾತಾಡಿದರು

ನಮ್ಮ ಕಿರುಚಿತ್ರದ ಕೊನೆಯಲ್ಲಿ ಈಗ ಯಾರೂ ಮಾತಾಡುವುದಿಲ್ಲ. ಸಂಗೀತವೂ ಇಲ್ಲ. "ಹೀಗೆ ಬಿಟ್ಟರೆ ಜನಕ್ಕೆ ಏನೂ ಗೊತ್ತಾಗಲ್ಲ ಮಾರಾಯ್ರೇ" ಅಂತ ದುಡ್ಡು ಹಾಕಿದ ಶೆಟ್ಟರೂ ಹೇಳಿದ್ದರು, ಕ್ಯಾಮೆರಾ ಹುಡುಗನೂ ಹೇಳಿದ್ದ. ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಇಷ್ಟೇ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ ರಾತ್ರಿಶಾಲೆಗೆ ಹೋಗುತ್ತಾನೆ, ಕೆಲಸ ಜಾಸ್ತಿಯಾಗಿ ಅದು ತಪ್ಪುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮೇಲೆ ಬಂದವರು ಮುಂಬೈ ಕನ್ನಡಿಗರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಿಲ್ಲ. ಒಟ್ಟು 18 ನಿಮಿಷ.

ಕೊನೆಯಲ್ಲಿ ಮೊದಲು ಇದ್ದದ್ದು ಮೇಷ್ಟ್ರ ಮಾತು, ಓದು ಬಿಡಬೇಡ ಅಂತ. ಜೋರು ಚಪ್ಪಾಳೆ ಬಿತ್ತು. ವಾರ ಬಿಟ್ಟು ನೋಡಿದವರಿಗೆ ಫೋನ್ ಮಾಡಿದೆ. "ಮೇಷ್ಟ್ರ ಪಾತ್ರ ಮಾಡಿದವರು ಯಾರ್ರೀ?" ಅಂದರು. ಹುಡುಗನ ಸುದ್ದಿಯೇ ಇಲ್ಲ! ಆಮೇಲೆ ಹುಡುಗನ ಮುಖ ಫ್ರೀಜ್ ಮಾಡಿ ಪಿಟೀಲು ಹಾಕಿಸಿದೆವು. ಅಂಧೇರಿಯ ಸ್ಟುಡಿಯೋ ಬಾಡಿಗೆ, ನುಡಿಸಿದವರ ಸಂಭಾವನೆ ಸೇರಿ ಹತ್ತಿರ ಹತ್ತಿರ 15 ಸಾವಿರ ಹೋಯಿತು. ಎಲ್ಲರೂ "ಪಾಪ" ಅಂದರು. ಪಾಪ ಅಂದವರು ಕಾಫಿ ಕುಡಿದು ಮನೆಗೆ ಹೋದರು. ಕಪ್ಪು ತೆರೆ ಮೇಲೆ ಎರಡು ಸಾಲು ಬರಹ ಹಾಕಿ ನೋಡಿದೆವು. ಅಕ್ಷರ ಕಂಡ ಕೂಡಲೇ ಸಿನಿಮಾ ಮುಗಿಯಿತು ಅಂತ ಜನ ಎದ್ದೇಬಿಟ್ಟರು.

ಆಗ ನಾನು ಮರಾಠಿಯ ನಾಗರಾಜ್ ಮಂಜುಳೆ ಅವರ ಎರಡು ಚಿತ್ರಗಳ ಕೊನೆಯನ್ನು ಮತ್ತೆ ಮತ್ತೆ ನೋಡಿದೆ. 2013ರ 'ಫಂಡ್ರಿ'ಯಲ್ಲಿ ಹುಡುಗ ಎಸೆದ ಕಲ್ಲು ಕ್ಯಾಮೆರಾ ಕಡೆಗೇ ಬರುತ್ತದೆ. 2016ರ 'ಸೈರಾಟ್' ತುಂಬ ಅಷ್ಟೊಂದು ಹಾಡುಗಳಿವೆ, ಆದರೆ ಮಗು ರಕ್ತದ ಹೆಜ್ಜೆ ಮೂಡಿಸಿ ನಡೆಯುವಾಗ ಶಬ್ದವೇ ಇಲ್ಲ. ಎರಡರಲ್ಲೂ ಯಾರೂ ಬುದ್ಧಿ ಹೇಳುವುದಿಲ್ಲ. ನೋಡುವವನೇ ಏನಾದರೂ ಅಂದುಕೊಳ್ಳಬೇಕು.

ನಮ್ಮ ಈಗಿನ ಕೊನೆ ಹೀಗಿದೆ. ಗಿರಾಕಿ ಮಡಚದೆ ಇಟ್ಟ ಪೇಪರ್. ಹುಡುಗ ಒದ್ದೆ ಬಟ್ಟೆ ಎಡಗೈಗೆ ತಗೊಂಡು, ಬಲಗೈ ಬೆರಳನ್ನು ಒಂದು ಸಾಲಿನ ಕೆಳಗೆ ಇಟ್ಟು ನಿಧಾನ ಸರಿಸುತ್ತಾನೆ. ಸಾಲು ಮುಗಿಯುವ ಮೊದಲೇ ಗಿರಾಕಿಯ ಕೈ ಬಂದು ಪೇಪರ್ ಎಳೆದುಕೊಳ್ಳುತ್ತದೆ. ಬೆರಳು ಬರೀ ಟೇಬಲ್ ಮೇಲೆ ಉಳಿಯುತ್ತದೆ. ಅಲ್ಲಿ ಸುಮಾರು 9 ಸೆಕೆಂಡ್ ಕಟ್ ಮಾಡದೆ ಹಿಡಿದಿದ್ದೇನೆ. 4 ಸೆಕೆಂಡ್ ಇಟ್ಟಾಗ ಜನ ಗಮನಿಸಲೇ ಇಲ್ಲ. 15ಕ್ಕೆ ಕೆಮ್ಮು ಶುರುವಾಯಿತು. ಆಮೇಲೆ ಕಪ್ಪು ತೆರೆ, ಅದರ ಹಿಂದೆ ಕೇಳುವ ಒಂದು ಸದ್ದು. ಅದು ಯಾವ ಸದ್ದು, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ.

ಕೊನೆಯನ್ನು ಬರೀ ಕೊನೆಯಲ್ಲಿ ಸರಿ ಮಾಡಿದರೆ ಆಗುವುದಿಲ್ಲ. ಮೂರನೇ ನಿಮಿಷದಲ್ಲೇ ಶಾಲೆಯಲ್ಲಿ ಅವನು ಹಾಗೇ ಬೆರಳಿಟ್ಟು ಓದುವ ಶಾಟ್ ಸೇರಿಸಿದೆ. ಅದಿಲ್ಲದ ಪ್ರತಿ ತೋರಿಸಿದಾಗ ಆ ಬೆರಳು ಯಾರಿಗೂ ನಾಟಲಿಲ್ಲ. ಹೋಟೆಲ್ ಮುಚ್ಚಿದ ಮೇಲೆ ರಾತ್ರಿ 11ರಿಂದ ಬೆಳಗಿನ ಜಾವದವರೆಗೆ ಈ ಶಾಟನ್ನೂ ಕೊನೆಯ ದೃಶ್ಯವನ್ನೂ ಚಿತ್ರೀಕರಿಸಿದೆವು. ಜಾಗ, ಕ್ಯಾಮೆರಾ, ಊಟ ಎಲ್ಲ ಸೇರಿ 22-23 ಸಾವಿರ ಆಗಿರಬಹುದು. ಶೆಟ್ಟರು ಮುಖ ಸಿಂಡರಿಸಿಯೇ ಕೊಟ್ಟರು.

ಸುಮ್ನೆ ಒಂದು ಪ್ರಯೋಗ ಅಂತ, ಮೊಬೈಲಿನಲ್ಲಿ ಸೌಂಡ್ ತೆಗೆದು ಒಂದು ಹೋಟೆಲಿನ ಅಡುಗೆಮನೆಯಲ್ಲಿ ತೋರಿಸಿದೆ. "ಏನು ಅರ್ಥ ಆಯ್ತು?" ಅಂತ ನಾನು ಕೇಳುವುದೇ ಇಲ್ಲ. "ನಾಳೆ ಬೆಳಿಗ್ಗೆ ಹುಡುಗ ಏನ್ ಮಾಡ್ತಾನೆ?" ಅಂತ ಕೇಳುತ್ತೇನೆ. ದೋಸೆ ಭಟ್ಟರು "ಅವ ಓದ್ತಾನೆ" ಅಂದರು. ಪಾತ್ರೆ ತೊಳೆಯುವವನು "ಎಲ್ಲಿ ಓದೋದು, ಪೇಪರೇ ಕಿತ್ಕೊಂಡ್ರಲ್ಲ" ಅಂದ. ಜಗಳವೇ ಹತ್ತಿತು. ಶೆಟ್ಟರು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಡೈಲಾಗಿನ ಮಾತೇ ಎತ್ತಲಿಲ್ಲ.

ಮುಂದಿನದು ಡೊಂಬಿವಲಿ ಲೋಕಲ್ ರೈಲಿನ ಕಥೆ. ಈ ಸಲ ಕೊನೆಯ ದೃಶ್ಯವನ್ನೇ ಮೊದಲು ಚಿತ್ರೀಕರಿಸುತ್ತೇನೆ. ಅದಕ್ಕೇ ಅಂತ 20 ಸಾವಿರ ಬೇರೆ ತೆಗೆದಿಡಲು ಶೆಟ್ಟರೂ ಒಪ್ಪಿದ್ದಾರೆ.